ಹಡಗಿನ ಸೆಟ್‌ನಲ್ಲಿ ಎರಡನೇ ಗಂಟೆ

ನಗೋರು ಈಗಲೇ ಎದ್ದು ಹೋಗಿ. ಇದು ಅವರಿವರು ಹೇಳಿದ್ದಲ್ಲ, ನನ್ನ ಸ್ವಂತ ಚಿಕ್ಕಮ್ಮನ ಮಗಳು ವರ್ನಾಗೆ ಆಗಿದ್ದು.

ಆಗ ಅಮೆರಿಕದ ಕಲ್ವರ್ ಸಿಟಿಯ ಒಂದು ಸಿನಿಮಾ ಸ್ಟುಡಿಯೋದಲ್ಲಿ ಹಡಗಿನ ಮೇಲೆ ನಡೆಯೋ ಪ್ರೇಮದ ಚಿತ್ರ ತೆಗೀತಿದ್ರು. ಬರೀ ನಗು, ತಮಾಷೆ. ನಾನು ಬಟ್ಟೆ ಹೊಲಿಯೋಳು, ವರ್ನಾ ಗುಂಪಿನ ದೃಶ್ಯಗಳಲ್ಲಿ ನಿಲ್ಲೋಳು. ಹಲಗೆ ಬಡಿದು ಮಾಡಿದ ಹಡಗು, ಅದರ ಬೆನ್ನಿಗೇ ಆಳದ ನೀರಿನ ತೊಟ್ಟಿ. ಆ ತೊಟ್ಟೀಲಿ ದೊಡ್ಡ ಹಲಗೆ ತಳ್ಳಿ ಅಲೆ ಎಬ್ಬಿಸೋನು ಆರ್ವಿಲ್. ಭಾನುವಾರ ಅವನಿಗೂ ವರ್ನಾಗೂ ಮದುವೆ.

ಅವತ್ತು ರಾತ್ರಿ ಅವನು ಗೇಟಿಗೆ ಬರಲಿಲ್ಲ. ಕಾದೂ ಕಾದೂ ಸಾಕಾಗಿ ಒಬ್ಬಳೇ ಸ್ಟುಡಿಯೋದ ಹಿಂಬಾಗಿಲ ದಾರಿ ಹಿಡಿದು ಮನೆ ಕಡೆ ಹೊರಟಳು. ತೊಟ್ಟಿ ಪಕ್ಕ ಬಂದಾಗ... ಛಪ್. ಛಪ್. ಇನ್ನೂ ಕೆಲಸದಲ್ಲಿದಾನೆ ಅಂದ್ಕೊಂಡು ಹಡಗು ಹತ್ತಿದಳು. ಗವ್ವೆನ್ನೋ ಕತ್ತಲು. ಕೂಗೋಕೆ ಬಾಯಿ ತೆರೆದಳು...

ಟ್ರಿಣ್‌ಣ್‌ಣ್...

ನಮ್ಮ ಸೆಟ್‌ನಲ್ಲಿ ಕರೆಂಟಿನ ಗಂಟೆ ಒಂದು ಸಲ ಹೊಡೆದರೆ ಮುಗೀತು, ಎರಡನೇ ಸಲ ಹೊಡೆಯೋವರೆಗೂ ಯಾರೂ ಉಸಿರೆತ್ತೋ ಹಾಗಿಲ್ಲ. ದನಿ ಮುದ್ರಣ ಆಗ್ತಿರುತ್ತೆ. ಹಿಂದಿನ ಚಿತ್ರದಲ್ಲಿ ಕೆಮ್ಮಿದ್ದಕ್ಕೇ ವರ್ನಾ ಕೆಲಸ ಕಳ್ಕೊಂಡಿದ್ದಳು. ಬಾಯಿ ಮುಚ್ಚಿಕೊಂಡಳು.

ಹಡಗಿನ ಕಂಬಿ ಹತ್ತಿರ ಯಾರೋ ನಿಂತಿದ್ದರು. ತೊಪ್ಪೆಯಾಗಿ ನೆನೆದು.

"ವರ್ನಾ... ಮಾತಾಡಬೇಡ ಕಣೇ." ಆರ್ವಿಲ್‌ದೇ ದನಿ.

"ಎಲ್ಲಿಗೆ ಹೋಗಿದ್ದೆಯೋ ನೀನು..." ಅವಳು ಪಿಸುಗುಟ್ಟಿದಳು.

"ಶ್... ಗಂಟೆ ಹೊಡೀಲಿ."

ನಿಂತಳು. ಪಾಪ, ನಿಂತೇ ನಿಂತಳು. ಕೆಳಗೆ ಛಪ್ ಛಪ್ ನಿಧಾನ ಆಯ್ತು. ಆಮೇಲೆ ಗುಳ್... ಗುಳ್... ಆಮೇಲೆ ಅದೂ ಇಲ್ಲ. ಆಗ ಹೊಳೀತು ಅವಳಿಗೆ: ಆರ್ವಿಲ್ ಇಲ್ಲಿದ್ರೆ ತೊಟ್ಟೀಲಿ ಇರೋದ್ಯಾರು? ತಿರುಗಿದರೆ ಕಂಬಿ ಹತ್ತಿರ ಯಾರೂ ಇಲ್ಲ. ಕಿಟಾರನೆ ಕಿರುಚಿದಳು.

ಕಾವಲಿನ ಎಲ್ಬರ್ಟ್, ಬಟ್ಟೆ ಕೋಣೆಯಿಂದ ನಾನು, ಟಾರ್ಚ್ ಹಿಡಿದು ಓಡಿದ್ವಿ. ಆರ್ವಿಲ್ ಕಾಲು ಅಲೆಯ ಹಲಗೆ ಅಡಿ ಸಿಕ್ಕಿಕೊಂಡಿತ್ತು. ನೀರು ಬಾಯಿಮಟ್ಟ ಬಂದು ಕೂಗೋಕಾಗದೆ ಹಲಗೆ ಬಡಿದು ಬಡಿದು ಅಂಗೈ ಸುಲಿದುಹೋಗಿತ್ತು. ಮೇಲೆತ್ತಿದಾಗ ಮೈ ಇನ್ನೂ ಬೆಚ್ಚಗಿತ್ತು. ಉಸಿರಿರಲಿಲ್ಲ.

ವರ್ನಾ ಅವನ ಕೆನ್ನೆ ತಟ್ಟುತ್ತಾನೇ ಇದ್ದಳು. "ಈಗ ಮಾತಾಡೋ... ಗಂಟೆ ಹೊಡೆದಿತ್ತಲ್ಲ, ಅದಕ್ಕೇ ಸುಮ್ಮನಿದ್ದೆ ಕಣೋ..."

"ಯಾವ ಗಂಟೆ ತಾಯೀ?" ಎಲ್ಬರ್ಟ್ ಮೆಲ್ಲಗೆ ಕೇಳಿದ. "ಸಂಜೇನೇ ಸೆಟ್‌ನ ಕರೆಂಟ್ ತೆಗೆದಿದೀನಿ."

ನಾನು ಮೇಲೆ ಹತ್ತಿ ಕಂಬಿ ಹತ್ತಿರ ಟಾರ್ಚ್ ಬಿಟ್ಟೆ. ನೆಲದ ಹಲಗೆ ಮೇಲೆ ಬರಿಗಾಲಿನ ಒದ್ದೆ ಗುರುತು, ಅಕ್ಕಪಕ್ಕ ಎರಡು. ಈ ಕಣ್ಣಿಂದಲೇ ನೋಡಿದ್ದು, ಬಗ್ಗಿ ನೋಡಿದ್ದು. ಅವನ ದನೀಲಿ ಮಾತಾಡಿದ್ದು ಆರ್ವಿಲ್ ಅಲ್ಲವೇ ಅಲ್ಲ, ಎರಡೂ ಎಡಗಾಲಿನವು.