ಅಡುಗೆಮನೆ ಗೋಡೆಯ ತಪ್ಪು ತಾರೀಖು

ರಕ್ತಪರೀಕ್ಷೆಗೆಂದು ಟೋಕನ್ ಹಿಡಿದು ಕುಳಿತಿದ್ದೆ. ಪಕ್ಕದಲ್ಲಿ ಅಕ್ಕ ತಂಗಿ ಇಬ್ಬರು ಮಾತಿಗಿಳಿದಿದ್ದರು. ಶುರು ಮಾಡಿದ್ದು ಅಕ್ಕ.

“ನಿನ್ನ ಭಾವ ಅಡುಗೆಮನೆ ಗೋಡೆಗೊಂದು ಸ್ಕ್ರೀನ್ ಹಾಕಿದಾರೆ. ಎಲ್ಲರ ಫೋನಿನ ಕ್ಯಾಲೆಂಡರೂ ಅದರಲ್ಲಿ ಕಾಣ್ಬೇಕಂತೆ.”

“ಕಾಣುತ್ತಾ?”

“ಎಲ್ಲಿಂದ? ನಾಲ್ಕು ದಿನದಿಂದ ‘ಸುರಕ್ಷಿತ ಸಂಪರ್ಕ ಸಾಧ್ಯವಿಲ್ಲ’ ಅಂತ ಒಂದೇ ರಾಗ. ಪಾಸ್‌ವರ್ಡ್ ಬದಲಾಯಿಸಿದ್ರು, ರೂಟರ್ ಬದಲಾಯಿಸಿದ್ರು, ಕಂಪನಿಯವರಿಗೆ ಬೈದೂ ಆಯ್ತು.”

“ಸ್ಕ್ರೀನಿನ ತಾರೀಖು ನೋಡಿದ್ರಾ? ಅದು ತಪ್ಪಿದ್ರೆ ಆ ಕಡೆಯ ಸುರಕ್ಷತಾ ಸರ್ಟಿಫಿಕೇಟಿನ ಅವಧಿ ಸರಿಯಿಲ್ಲ ಅಂದ್ಕೊಂಡು ಸ್ಕ್ರೀನ್ ಸಂಪರ್ಕಾನೇ ಒಪ್ಪಲ್ಲ. ನಮ್ಮ ಆಫೀಸಲ್ಲೂ ಹಾಗೇ ಆಗಿತ್ತು.”

“ಎರಡು ವರ್ಷ ಹಿಂದಿದೆ.”

“ಮತ್ತೆ ಭಾವಂಗೆ ಹೇಳ್ಬಾರ್ದಾ?”

“ಹಿಂದಕ್ಕೆ ಇಟ್ಟಿದ್ದೇ ನಾನು ಕಣೇ.”

“ಅಯ್ಯೋ, ಯಾಕೆ?”

“ನನ್ನ ಕ್ಯಾಲೆಂಡರಲ್ಲಿ ‘ಅತ್ತೆ ಬರ್ತಾರೆ, ಡಬಲ್ ಡ್ಯೂಟಿ ಕೇಳು’ ಅಂತಿದೆ. ಅತ್ತೆ ಬಂದು ಗೋಡೆ ಮೇಲೆ ಅದನ್ನ ಓದ್ಬೇಕಾ?”

“ಅದೊಂದನ್ನ ಅಳಿಸಿಬಿಡು.”

“ಒಂದಾ, ಎರಡಾ? ಯಾರು ಬಂದ್ರೆ ಏನು ನೆಪ ಅಂತ ವರ್ಷಕ್ಕಾಗೋಷ್ಟು ಬರ್ಕೊಂಡಿದೀನಿ.”

ತಂಗಿ ಅಕ್ಕನ ಕಡೆ ಪೂರ್ತಿ ತಿರುಗಿ ಕುಳಿತಳು.

“ಈ ಭಾನುವಾರ ನಾನು ಬರ್ತೀನಿ ಅಂದಿದ್ನಲ್ಲ. ಅದಕ್ಕೇನು ಬರ್ದಿದೀಯಾ?”

ಒಳಗಿನಿಂದ ನಂಬರ್ ಕೂಗಿದರು. ಅಕ್ಕ ದಡಬಡ ಎದ್ದು, ತೋಳಿನ ಬಟ್ಟೆ ಮೇಲಕ್ಕೆ ಮಡಚುತ್ತಾ ಒಳಗೆ ಓಡಿದಳು. ತಂಗಿಯೂ ಬೆನ್ನು ಬಿಡದೆ ಹೋದಳು.

ಕೂಗಿದ್ದು ನನ್ನ ನಂಬರು.