ನಾನು ನೋಡದ ಚರ್ಚಿನ ಬಗ್ಗೆ ನಾಲ್ಕು ಮಾತು

ಈ ಸಮಾರಂಭದ ಅಧ್ಯಕ್ಷತೆ ವಹಿಸಿರುವ, ಕಂಪ್ಲಿಯ ಅಕ್ಕಿ ಗಿರಣಿಯ ಮಾಲೀಕರಾದ ಕೊಟ್ರಯ್ಯನವರೇ, ಗಾಳೆಮ್ಮ ಸ್ಮಾರಕ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರೂ ಒಂದು ಕಾಲಕ್ಕೆ ನನಗೆ ಗಣಿತ ಕಲಿಸಲು ಹೆಣಗಿದವರೂ ಆದ ಸಿದ್ದಲಿಂಗೇಶ್ ಗುರುಗಳೇ, ಶಿಕ್ಷಕರೇ, ಪೋಷಕರೇ, ಶಾಮಿಯಾನದ ನೆರಳು ಸಾಲದೆ ಬಿಸಿಲಲ್ಲಿ ಕುಳಿತಿರುವ ಮಕ್ಕಳೇ, ಎಲ್ಲ ಸಭಿಕರೇ,

ಮೊದಲಿಗೆ ಒಂದು ತಿದ್ದುಪಡಿ. ನನ್ನ ಹಿಂದೆ ಕಟ್ಟಿರುವ ಬ್ಯಾನರಿನಲ್ಲಿ “ಫ್ರಾನ್ಸ್ ದೇಶದಲ್ಲಿ ಚರ್ಚ್ ಕಟ್ಟಿ ಬಂದ ನಮ್ಮ ಹೆಮ್ಮೆಯ ಹಳೆಯ ವಿದ್ಯಾರ್ಥಿ ಹೊನ್ನೂರುಸ್ವಾಮಿ” ಎಂದು ಬರೆದಿದೆ. ಹೊನ್ನೂರುಸ್ವಾಮಿ ನಾನೇ. ಹಳೆಯ ವಿದ್ಯಾರ್ಥಿ ಎನ್ನುವುದೂ ನಿಜ. ಉಳಿದದ್ದು ನಿಜವಲ್ಲ. ನಾನು ಫ್ರಾನ್ಸಿಗೆ ಹೋಗಿಲ್ಲ. ಪಶ್ಚಿಮ ದಿಕ್ಕಿನಲ್ಲಿ ನಾನು ಕಂಡಿರುವ ಕೊನೆಯ ಊರು ಹುಬ್ಬಳ್ಳಿ.

ಮಕ್ಕಳು ನಗುತ್ತಿದ್ದಾರೆ, ಗುರುಗಳು ನಗುತ್ತಿಲ್ಲ. ಇದನ್ನು ಫೋನಿನಲ್ಲೇ ಅವರಿಗೆ ಹೇಳಿದ್ದೆ. “ಹೋಗಾಂವ ಅದಿಯಲ್ಲಪಾ, ಹೋದಂಗ ಲೆಕ್ಕ. ಬ್ಯಾನರ್ ಪ್ರಿಂಟಿಗೆ ಹೋಗೇತಿ” ಎಂದರು. ಹೋಗುವವನು ಎನ್ನುವುದಾದರೂ ನಿಜವಾಗಲಿ ಎಂಬುದೇ ನನ್ನ ಆಸೆ. ಆ ಆಸೆಯ ವಿಷಯವನ್ನೇ ಇವತ್ತು ಹೇಳುತ್ತೇನೆ.

ನಾನು ಗಾದಿಗನೂರಿನವನು. ನಮ್ಮಪ್ಪ ಎರ್ರಿಯಪ್ಪ ಕಲ್ಲು ಒಡೆಯುವವರು. ನಾನು ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟೆ. ಯಾರೂ ಹೊರಗೆ ಹಾಕಲಿಲ್ಲ, ಮನೆಯಲ್ಲಿ ಯಾರೂ ದುಡಿ ಅನ್ನಲಿಲ್ಲ. ಒಂದು ಕಡೆ ಕೂರಲು ಆಗಲಿಲ್ಲ, ಹೋದೆ. ಯಶವಂತನಗರದ ಲಾರಿಯಲ್ಲಿ ಕ್ಲೀನರ್ ಆದೆ, ಬಿಟ್ಟೆ. ಹೊಸಪೇಟೆಯ ಗ್ಯಾರೇಜು ಸೇರಿದೆ, ಬಿಟ್ಟೆ. ಕೊನೆಗೆ ಹಂಪಿಯಲ್ಲಿ ವಾಲಿದ ಕಂಬಗಳನ್ನು ಎತ್ತಿ ನಿಲ್ಲಿಸುವ ತಂಡದಲ್ಲಿ ಅಪ್ಪನ ಜೊತೆ ನಿಂತೆ. ಅದನ್ನು ಮಾತ್ರ ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂದು ನನಗೂ ಗೊತ್ತಿಲ್ಲ.

ಮೂರು ವರ್ಷದ ಹಿಂದೆ ಅಲ್ಲಿಗೆ ಕ್ಲೇರ್ ಎಂಬ ಫ್ರಾನ್ಸಿನ ಹೆಂಗಸು ಬಂದರು. ನಮ್ಮ ತಂಡದ ದುರ್ಗಕ್ಕನಂತೆ ಐವತ್ತರ ಆಸುಪಾಸು, ಕೈ ತುಂಬ ನಮ್ಮಂಥದೇ ಜಡ್ಡು. ಅವರೂ ಕಲ್ಲುಕುಟಿಗರೇ. ಚಳಿಗಾಲವೆಲ್ಲ ನಮ್ಮ ಜೊತೆ ಕೆಲಸ ಮಾಡಿದರು. ಕಲಿತ ಕನ್ನಡ ಎರಡೇ ಮಾತು: “ಚಾ ಬೇಕು”, “ಜಲ್ದಿ ಬ್ಯಾಡ”. ಕಲ್ಲಿನ ಕೆಲಸಕ್ಕೆ ಇನ್ನೇನು ಬೇಕು ಹೇಳಿ?

ಅವರ ಚೀಲದಲ್ಲಿ ಅವರೂರಿನ ಚರ್ಚಿನ ಕಲ್ಲಿನ ಚೂರು ಇತ್ತು. ಬೆಣ್ಣೆಯ ಬಣ್ಣದ ಸುಣ್ಣಕಲ್ಲು. ನಾವು ಕಲ್ಲನ್ನು ಮೊದಲು ಬಡಿದು ಕೇಳುವವರು. ಗಂಟೆಯಂತೆ ನುಡಿದರೆ ಜೀವ ಇದೆ, ಮಂಕಾಗಿ ನುಡಿದರೆ ಒಳಗೆ ಬಿರುಕಿದೆ. ಅಪ್ಪ ಬಡಿದು ನೋಡಿ ಮುಖ ಸಿಂಡರಿಸಿದರು. “ಸತ್ತ ಕಲ್ಲಲೇ ಇದು. ಇದರಾಗ ಗುಡಿ ಕಟ್ಯಾರಂತ?” ನಾನು ನೋಡೇಬಿಡೋಣವೆಂದು ನಮ್ಮ ಬೆಟ್ಟದ ಕಲ್ಲಿಗೆ ಹಾಕುವ ಏಟನ್ನೇ ಹಾಕಿದೆ. ಕಲ್ಲು ಬೆಲ್ಲದ ಹಾಗೆ ಪುಡಿಯಾಯಿತು. ಸಮುದ್ರ ದಾಟಿ ಬಂದ ಚೂರು!

ಕ್ಲೇರ್ ಬೈಯಲಿಲ್ಲ. ಬೈದಿದ್ದರೆ ಎದ್ದು ಹೋಗುತ್ತಿದ್ದೆ. ಆ ಪುಡಿಯನ್ನು ಕಾಗದದಲ್ಲಿ ಕಟ್ಟಿಕೊಂಡು, ಅದು ಸತ್ತ ಕಲ್ಲಲ್ಲ ಎಂದು ಇಂಗ್ಲಿಷ್ ಬಲ್ಲ ನಮ್ಮ ಎಂಜಿನಿಯರ್ ಮೂಲಕ ವಿವರಿಸಿದರು. ಅವರ ಮುಂದಿನ ಮಾತೆಲ್ಲ ನನಗೆ ತಲುಪಿದ್ದು ಹಾಗೆಯೇ. ನೆಲದಿಂದ ತೆಗೆದಾಗ ಅದು ಒದ್ದೆ, ಮೆತ್ತಗೆ. ಆಗಲೇ ಕೆತ್ತಬೇಕು. ಆಮೇಲೆ ಗಾಳಿ ಕುಡಿಯುತ್ತ ವರ್ಷ ವರ್ಷ ಗಟ್ಟಿಯಾಗುತ್ತದೆ.

ಮರುದಿನ ಒಂದು ಹಾಸುಬಂಡೆಯ ಮೇಲೆ ಸೀಮೆಸುಣ್ಣ, ಹಗ್ಗ ಹಿಡಿದು ಅವರೂರಿನ ಚರ್ಚನ್ನು ಬಿಡಿಸತೊಡಗಿದರು. ಅಳತೆ ಕುಗ್ಗಿಸಿ ಅಲ್ಲ, ಇದ್ದಷ್ಟೇ ದೊಡ್ಡದಾಗಿ. ಅಲ್ಲಿಯ ಹಳೆಯ ಕುಟಿಗರು ಹಾಗೆಯೇ ನೆಲದ ಮೇಲೆ ಪೂರ್ತಿ ಅಳತೆಯಲ್ಲಿ ಬರೆದು, ಆ ಗೆರೆಗೆ ಕಲ್ಲು ಕೆತ್ತುತ್ತಿದ್ದರಂತೆ. ಹಗ್ಗದ ಒಂದು ತುದಿಯನ್ನು ನಾನು ನೆಲಕ್ಕೆ ಒತ್ತಿ ಹಿಡಿದೆ, ಅವರು ಇನ್ನೊಂದು ತುದಿ ಹಿಡಿದು ಸುತ್ತಿದರು. ಈ ಬದಿಯಿಂದ ಒಂದು ಬಾಗು, ಆ ಬದಿಯಿಂದ ಒಂದು ಬಾಗು. ಎರಡೂ ಸೇರಿದ ಕಡೆ ಚೂಪು ಕಮಾನು. ಅದು ಸಮಬಾಹು ತ್ರಿಭುಜ ಬರೆಯುವ ಕ್ರಮ ಸರ್. ನೀವು ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ನಾನು ಕಿಟಕಿಯಾಚೆ ಲಾರಿ ಎಣಿಸುತ್ತಿದ್ದೆ. ನೀವು ಬರೆದದ್ದು ಒಂದು ಬಾಗಿಲು ಎಂದು ನನಗೆ ಯಾರಾದರೂ ಹೇಳಬಾರದಿತ್ತೇ?

ಆ ಚರ್ಚು ನನಗೆ ಈಗ ನಮ್ಮ ಮನೆಗಿಂತ ಚೆನ್ನಾಗಿ ಗೊತ್ತು. ಎಂಟುನೂರು ವರ್ಷದ ಹಿಂದೆ, ನೇಕಾರರ ಒಂದು ಸಣ್ಣ ಊರಿನವರು ಶುರು ಮಾಡಿದ್ದು. ಅರಮನೆಯವರದಲ್ಲ, ಊರವರದು. ಅಲ್ಲಿಯೇ ಹೆಸರಿಡುವುದು, ಅಲ್ಲಿಯೇ ಮದುವೆ, ಅಲ್ಲಿಂದಲೇ ಮಣ್ಣಿಗೆ. ಕಟ್ಟಲು ಮೂರು ತಲೆಮಾರು ಹಿಡಿಯಿತು. ಪೂರ್ವದ ಚಾವಣಿಯನ್ನು ಹಬ್ಬಕ್ಕೆ ಮುಗಿಸಬೇಕೆಂದು, ಗಾರೆ ಒಣಗುವ ಮೊದಲೇ ಕೆಳಗಿನ ಮರದ ಆಧಾರ ತೆಗೆದರು. ಚಾವಣಿ ಕುಸಿಯಿತು. ಜಲ್ದಿ ಬ್ಯಾಡ ಎಂಬ ಮಾತು ಕ್ಲೇರ್ ಎಲ್ಲಿಂದ ತಂದರು ಎಂದು ಆಗ ತಿಳಿಯಿತು.

ನಮ್ಮ ಗುಡಿಯಲ್ಲಿ ಕಂಬ ನಿಲ್ಲುತ್ತದೆ, ಮೇಲಿನ ತೊಲೆ ಸುಮ್ಮನೆ ಮಲಗುತ್ತದೆ. ಅಲ್ಲಿಯ ಕಮಾನು ಮಲಗುವುದಿಲ್ಲ. ಹಗಲೂ ರಾತ್ರಿ ಗೋಡೆಯನ್ನು ಹೊರಕ್ಕೆ ತಳ್ಳುತ್ತಲೇ ಇರುತ್ತದೆ. ಅದಕ್ಕೇ ಮತ್ತೆ ಕಟ್ಟಿದಾಗ, ಗೋಡೆಯ ಆಚೆ ಕಲ್ಲಿನ ತೋಳುಗಳನ್ನು ಕಟ್ಟಿ ಒತ್ತುಕೊಟ್ಟರು. ಒಳಗಿನ ನೂಕು, ಹೊರಗಿನ ತಡೆ. ಭಾರವೆಲ್ಲ ಆ ತೋಳುಗಳಿಗೆ ಹೋದ ಮೇಲೆ ಗೋಡೆಗೆ ಬೇರೆ ಕೆಲಸವೇ ಇರಲಿಲ್ಲ. ಗೋಡೆಯ ಜಾಗದಲ್ಲಿ ಬಣ್ಣದ ಗಾಜು ತುಂಬಿದರು. ಎರಡು ಗೋಪುರ ಎಂದುಕೊಂಡಿದ್ದರು. ಪಿಡುಗು ಬಂತು, ಯುದ್ಧ ಬಂತು, ಎರಡನೆಯದು ಸೊಂಟದವರೆಗೆ ಬಂದು ನಿಂತಿತು. ಬಾಗಿಲ ಮೇಲಿನ ಮೂರ್ತಿಗಳ ತಲೆಗಳನ್ನು ಯಾರೋ ಒಡೆದರು. ಹಂಪಿಯಲ್ಲಿ ಕೆಲಸ ಮಾಡುವವನಿಗೆ ಅದನ್ನು ಬಿಡಿಸಿ ಹೇಳಬೇಕೇ? ಅವರು ಹೇಳಿ ಮುಗಿಸುವ ಮೊದಲೇ ಅಪ್ಪ “ಅಲ್ಲೂ ಹಂಗೇನು?” ಎಂದು ಬೀಡಿ ಆರಿಸಿದರು.

ಬೆಳಿಗ್ಗೆ ಆ ಗಾಜಿನ ಮೂಲಕ ಬಿಸಿಲು ಬಂದರೆ ನೆಲದ ಕಲ್ಲು ನೀಲಿಯಾಗುತ್ತದಂತೆ. ನೀಲಿ ಕಲ್ಲು, ಸಭಿಕರೇ. ಅಂಗೈ ಇಟ್ಟರೆ ಅಂಗೈಯೂ ನೀಲಿ. ಬಿಳಿಯ ಬಿಸಿಲಲ್ಲಿ ಕಲ್ಲು ಒಡೆಯುತ್ತ ನನಗೆ ಅದೇ ನೆನಪು. ಕಾಣದ್ದನ್ನು ನೆನಪು ಎನ್ನಬಹುದೋ ಇಲ್ಲವೋ ಗುರುಗಳು ಹೇಳಬೇಕು.

ಹೋದ ವರ್ಷ ಕ್ಲೇರ್ ಪತ್ರ ಬರೆದರು. ಅಲ್ಲಿ ಒಂದು ತೋಳು ಜೀರ್ಣವಾಗಿದೆ, ಹೊಸ ಕಲ್ಲು ಕೂಡಿಸಬೇಕು, ಕಲಿಯುತ್ತ ಕೆಲಸ ಮಾಡಲು ಬಾ ಎಂದು. ಅರ್ಜಿ ತುಂಬಲು ಹೊಸಪೇಟೆಯ ಕಂಪ್ಯೂಟರ್ ಅಂಗಡಿಯ ನಾಗಭೂಷಣನ ಹತ್ತಿರ ಹೋದೆ. ಅವನು ವಿದ್ಯಾಭ್ಯಾಸದ ಜಾಗದಲ್ಲಿ ಹತ್ತನೇ ತರಗತಿ ಪಾಸ್ ಎಂದು ಒತ್ತಿದ. ಅಳಿಸು ಅಂದೆ. “ಲೇ ಸ್ವಾಮಿ, ಎಲ್ಲರೂ ಹಿಂಗ ಹಾಕ್ತಾರಲೇ. ಅಷ್ಟು ದೂರ ಯಾರ್ ನೋಡ್ತಾರ?” “ಕ್ಲೇರಮ್ಮ ನೋಡ್ತಾಳ. ಅಳಿಸಪಾ.” “ಹರಿಶ್ಚಂದ್ರನ ಮೊಮ್ಮಗ ಬಂದಾನ ನೋಡ್ರಿ” ಎಂದು ಅಂಗಡಿಗೆಲ್ಲ ಕೇಳುವಂತೆ ಹೇಳಿ ಅಳಿಸಿದ. ಅರ್ಜಿ ವಾಪಸ್ ಬಂತು. ಹತ್ತನೆಯ ತರಗತಿ ಮುಗಿಸಿದವರಿಗೆ ಮಾತ್ರ ಅಲ್ಲಿ ತರಬೇತಿ. ಕ್ಲೇರ್ ಕೇಳಿಕೊಂಡರೂ ಆಗಲಿಲ್ಲ. ಆ ತೋಳಿನ ಕೆಲಸ ನಾನಿಲ್ಲದೆ ಮುಗಿದಿದೆ. ಇನ್ನೊಂದು ತೋಳು ಬಾಕಿ ಇದೆ, ಅದರ ಕೆಲಸ ಮುಂದಿನ ವರ್ಷ.

ಆದ್ದರಿಂದ ಖಾಸಗಿಯಾಗಿ ಹತ್ತನೆಯ ಪರೀಕ್ಷೆ ಬರೆಯಲು ನಿರ್ಧರಿಸಿದ್ದೇನೆ. ಅದಕ್ಕೆ ಶಾಲೆಯ ಟಿ.ಸಿ. ಬೇಕಂತೆ. ಓಡಿಹೋದವನು ಟಿ.ಸಿ. ತೆಗೆದುಕೊಂಡು ಹೋಗುತ್ತಾನೆಯೇ? ತಿಂಗಳ ಹಿಂದೆ ಕೇಳಲು ಬಂದಾಗ ಕಚೇರಿಯ ಲಲಿತಾ ಮೇಡಂ ರಿಜಿಸ್ಟರ್ ತೆಗೆದು ತೋರಿಸಿದರು. “ದೀರ್ಘ ಗೈರುಹಾಜರಿ, ಹೆಸರು ತೆಗೆದುಹಾಕಲಾಗಿದೆ.” ನಿಮ್ಮದು ದೊಡ್ಡ ಮನಸ್ಸು ಸರ್. “ಹಿಂಗ ಬರೆದು ಕೊಟ್ರ ಛಲೋ ಕಾಣಂಗಿಲ್ಲಪಾ. ಒಂಬತ್ತು ಪಾಸ್ ಅಂತ ಹಾಕೋಣ, ನಡತೆ ಉತ್ತಮ ಅಂತ ಬರಿಯೋಣ. ಫಂಕ್ಷನ್ ಮುಗೀಲಿ” ಎಂದಿರಿ. ಫಂಕ್ಷನ್ ಈಗ ಮುಗಿಯುತ್ತಾ ಬಂದಿದೆ.

ಇಷ್ಟು ಜನರ ಎದುರಿಗೆ ಕೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಒಂಟಿಯಾಗಿ ಕೇಳಿದರೆ ನಿಮ್ಮ ಪ್ರೀತಿಗೆ ಸೋತು ಹೂಂ ಅಂದುಬಿಡುತ್ತೇನೆ ಎಂಬ ಭಯ. ನನಗೆ ಅಲ್ಲಿಗೆ ಹೋಗಲೇಬೇಕಾಗಿದೆ ಸರ್, ಅದಕ್ಕೇ ಭಯ. ರಿಜಿಸ್ಟರಿನಲ್ಲಿ ಏನಿದೆಯೋ ಅದನ್ನೇ ಬರೆದುಕೊಡಿ. ನಡತೆಯ ಜಾಗದಲ್ಲಿ ಆಗ ಏನು ಅನಿಸಿತ್ತೋ ಅದನ್ನೇ ಬರೆಯಿರಿ. ನಾಳೆ ಹತ್ತು ಗಂಟೆಗೆ ಕಚೇರಿಯ ಬಾಗಿಲಲ್ಲಿ ಇರುತ್ತೇನೆ.

ಕರೆದು ಕೂರಿಸಿದ ಶಾಲೆಗೆ, ತಾಳ್ಮೆಯಿಂದ ಕೇಳಿದ ಅಧ್ಯಕ್ಷರಿಗೆ, ಬಿಸಿಲು ಸಹಿಸಿದ ಮಕ್ಕಳಿಗೆ ಕೃತಜ್ಞತೆಗಳು. ನಮಸ್ಕಾರ.