ಐದನೇ ಮಿಷಿನ್ನಿನ ಹೆಣ್ಣಾಳು

ಎರೆಭೂಮಿಯ ಸೀಮೆ, ಹತ್ತಿ ಬೆಳೆಯುವ ಊರು. ಅಲ್ಲಿಗೆ ದೊಡ್ಡ ಕುಳ ಒಬ್ಬ ಸಾವ್ಕಾರ. ಅವನ ಹೆಸರು ಬೇಡ. ಒಂದು ಊರಿನವನ ಹೆಸರು ಹೇಳಿದರೆ ಉಳಿದ ಊರಿನ ಸಾವ್ಕಾರರು ನಮ್ಮ ಮಾತಲ್ಲ ಎಂದು ಕಾಲು ಚಾಚಿ ಕೂತುಬಿಡುತ್ತಾರೆ. ಕೆಟ್ಟವನಲ್ಲ, ನೋಡಿ. ಶ್ರಾವಣ ಬಂತೆಂದರೆ ಮಠಕ್ಕೆ ಜೋಳದ ಚೀಲ ಕಳಿಸುವವನು. ಆಳುಗಳ ಮನೆಯಲ್ಲಿ ಮದುವೆ ಇದ್ದರೆ ತಾನೇ ಹೋಗಿ ಅಕ್ಕಿಕಾಳು ಹಾಕಿ ಬರುವವನು. ಇಂಥವನಿಗೆ ತಪ್ಪು ತಿಳಿಸುವುದು ಕೆಟ್ಟವನಿಗೆ ತಿಳಿಸುವುದಕ್ಕಿಂತ ಕಷ್ಟ.

ಅವನ ಹತ್ತಿ ಗಿರಣಿಯಲ್ಲಿ ಎಂಟು ಮಿಷಿನ್ನು. ಬಾಯಿಗೆ ಹತ್ತಿ ಕೊಟ್ಟರೆ ಅರಳೆ ಒಂದು ಕಡೆ ಬೀಳುತ್ತದೆ, ಕಾಳು ಒಂದು ಕಡೆ. ಮೊದಲ ನಾಲ್ಕರ ಮುಂದೆ ಗಂಡಸರು, ಉಳಿದ ನಾಲ್ಕರ ಮುಂದೆ ಹೆಂಗಸರು. ಅದೇ ಹತ್ತಿ, ಅದೇ ಧೂಳು. ಅದೇ ಭೋಂಗಾ ಕೂಗಿದರೆ ಶುರು, ಅದೇ ಕೂಗಿದರೆ ಬಂದ್. ಕೂಲಿ ಮಾತ್ರ ಗಂಡಾಳಿಗೆ ಮೂರು ಪಾಲಾದರೆ ಹೆಣ್ಣಾಳಿಗೆ ಎರಡು. ಯಾಕೆ? ಸಾವ್ಕಾರನ ಅಪ್ಪನ ಕಾಲದಿಂದ ಹಾಗೇ ಇತ್ತು. ಅಪ್ಪನ ಕಾಲದಿಂದ ಇದ್ದದ್ದನ್ನು ಯಾರು ಕೇಳುತ್ತಾರೆ?

ನಾಲ್ಕನೇ ಮಿಷಿನ್ನಿನಲ್ಲಿ ಯಮನಪ್ಪ ಇದ್ದ. ಐದನೆಯದರಲ್ಲಿ ಅವನ ಹೆಂಡತಿ ದುಂಡವ್ವ, ಹನ್ನೊಂದು ವರ್ಷದಿಂದ. ನಡುವೆ ಒಂದು ಮಾರಿನ ದಾರಿ, ಅಷ್ಟೇ. ಅವನ ಮಿಷಿನ್ನು ಹತ್ತಿ ಕಟ್ಟಿಕೊಂಡು ನಿಂತರೆ ಬಿಡಿಸಿಕೊಡುವವಳು ಇವಳು. ಮಿಷಿನ್ನಿನ ಸದ್ದು ಬದಲಾದದ್ದು ಇವಳ ಕಿವಿಗೆ ಮೊದಲು ಬೀಳುತ್ತಿತ್ತು. ಇದು ಯಮನಪ್ಪನಿಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಹೇಳಿರಲಿಲ್ಲ. ಹೆಂಡತಿಗಿಂತ ಒಂದು ಪಾಲು ಹೆಚ್ಚು ತರುತ್ತೇನೆ ಎಂಬುದು ಅವನಿಗೆ ತಲೆಯ ಮೇಲಿನ ರುಮಾಲಿನ ಹಾಗಿತ್ತು. ತೆಗೆದರೆ ಬರಿದಲೆ.

ಒಂದು ಶನಿವಾರ ಕಾರ್ಮಿಕ ಇಲಾಖೆಯಿಂದ ಒಬ್ಬ ಅಧಿಕಾರಿ ಬಂದಳು. ನಡುವಯಸ್ಸಿನ ಹೆಣ್ಣುಮಗಳು, ಬಗಲಲ್ಲಿ ಒಂದು ಚೀಲ, ಅದರಲ್ಲಿ ಕಾಗದ. ಗಂಡು ಹೆಣ್ಣು ಒಂದೇ ಕೆಲಸ ಮಾಡುವ ಕಡೆ ಒಂದೇ ಕೂಲಿ ಸಿಗುತ್ತದೋ ಇಲ್ಲವೋ ನೋಡುವುದು ಅವಳ ಕೆಲಸ. ಅವಳು ಬರುತ್ತಾಳೆಂದು ಸಾವ್ಕಾರನಿಗೆ ತಾಸು ಮೊದಲೇ ಸುದ್ದಿ ಮುಟ್ಟಿತ್ತು. ಹೆಂಗಸರ ನಾಲ್ಕು ಮಿಷಿನ್ನು ನಿಲ್ಲಿಸಿ, ಅವರನ್ನು ಅಂಗಳದಲ್ಲಿ ಹತ್ತಿಯ ಕಸ ಆರಿಸಲು ಕೂಡಿಸಿದ. ನಿಂತ ಮಿಷಿನ್ನು ಕೆಟ್ಟಿವೆ ಎಂದ.

ಅವಳು ಜಗಳಕ್ಕೆ ಹೋಗಲಿಲ್ಲ. ಹೆಂಗಸರ ನಡುವೆ ಚಕ್ಕಳಮಕ್ಕಳ ಹಾಕಿ ಕೂತು, ಏನು ಕೆಲಸ ಮಾಡುತ್ತೀರಿ ಎಂದು ಒಬ್ಬೊಬ್ಬರನ್ನೇ ಕೇಳಿದಳು. ಏನು ಹೇಳಿದರು ಅಂತೀರಿ? ಒಬ್ಬಳು, ನಮ್ಮದೇನ್ರಿ, ಸುಮ್ಮನೆ ಕೈಜೋಡಿಸುತ್ತೇವೆ ಎಂದಳು. ಇನ್ನೊಬ್ಬಳು, ಗಂಡಸರೇ ಮಾಡುತ್ತಾರೆ, ನಾವು ಆಚೆ ಈಚೆ ಎಂದಳು. ಸಾವ್ಕಾರ ಇದನ್ನು ಹೇಳಿಕೊಟ್ಟಿರಲಿಲ್ಲ, ನೋಡಿ. ಕೂತು ಆರಿಸಿರಿ ಎಂದಷ್ಟೇ ಹೇಳಿದ್ದ. ಮಾತು ಅವರದೇ. ಗಂಡನೋ ಮೈದುನನೋ ಕೇಳುವಷ್ಟು ದೂರದಲ್ಲಿ ನಿಂತಿರುವಾಗ, ನಾನೂ ಅವನಷ್ಟೇ ದುಡಿಯುತ್ತೇನೆ ಎಂದು ಮನೆತನದ ಹೆಣ್ಣುಮಗಳು ಬಾಯಿಬಿಟ್ಟು ಹೇಳುವುದಿಲ್ಲ. ಹುಟ್ಟಿದಾಗಿನಿಂದ ಕಲಿತ ಮರ್ಯಾದೆ ಅದು. ದುಂಡವ್ವನೂ ಹಾಗೇ ಹೇಳಿದಳು.

ಅಧಿಕಾರಿ ಪೆನ್ನು ಕೆಳಗಿಟ್ಟಳು.

“ಯವ್ವಾ, ನೀ ಹೇಳಿದ್ದನ್ನಷ್ಟ ನಾ ಬರ್ಕೊಳ್ಳೋದು. ನೀ ಸಣ್ಣದಂದ್ರ ನನ್ನ ಕಾಗದದಾಗೂ ಸಣ್ಣದ. ದೊಡ್ಡದು ಮಾಡಿ ಬರಿಯಾಕ ನನಗ ಬರೂದಿಲ್ಲ.”

ದುಂಡವ್ವ ಕಸ ಆರಿಸುತ್ತಲೇ ಇದ್ದಳು. ಅಧಿಕಾರಿ ಎದ್ದು ಒಳಗೆ ಹೋಗಿ, ಕೆಟ್ಟಿವೆ ಎಂದ ಮಿಷಿನ್ನುಗಳ ಮುಂದೆ ನಿಂತಳು. ಆ ಗಿರಣಿಯ ಒಂದು ಪದ್ಧತಿ ಹೇಳಬೇಕು. ಶುಕ್ರವಾರ ಬಂದರೆ ಆಳುಗಳೆಲ್ಲ ತಮ್ಮ ತಮ್ಮ ಮಿಷಿನ್ನನ್ನು ಒರೆಸಿ ಪೂಜೆ ಮಾಡುತ್ತಾರೆ. ಗಂಡಾಳು ಮೂರು ಬೆರಳು ವಿಭೂತಿ ಎಳೆಯುತ್ತಾನೆ, ಹೆಣ್ಣಾಳು ಅರಿಸಿನ ಕುಂಕುಮ ಹಚ್ಚುತ್ತಾಳೆ. ಅನ್ನ ಕೊಡುವ ಮಿಷಿನ್ನಿಗೆ ದುಡಿಯುವವರೇ ಪೂಜೆ ಮಾಡಬೇಕು, ಬೇರೆಯವರ ಕೈ ತಾಗಬಾರದು. ಹಿಂದಿನ ದಿನವೇ ಶುಕ್ರವಾರ. ನಾಲ್ಕು ಮಿಷಿನ್ನಿನ ಮೇಲೆ ಅರಿಸಿನ ಇನ್ನೂ ಹಸಿ ಹಸಿಯಾಗಿತ್ತು. ಹೆಂಗಸರನ್ನು ಎಬ್ಬಿಸುವುದು ಸಾವ್ಕಾರನಿಗೆ ಹೊಳೆದಿತ್ತು. ದೇವರನ್ನು ಒರೆಸುವುದು ಹೊಳೆದಿರಲಿಲ್ಲ. ಹೊಳೆದಿದ್ದರೂ ಒರೆಸುತ್ತಿರಲಿಲ್ಲ, ಅಷ್ಟು ಭಕ್ತ.

ಅವಳು ದುಂಡವ್ವನನ್ನು ಒಳಗೆ ಕರೆದು, ಐದನೆಯದಕ್ಕೆ ಪೂಜೆ ಮಾಡಿದವರು ಯಾರು ಎಂದು ಕೇಳಿದಳು.

ಈಗ ನೋಡಿ. ತನ್ನ ದುಡಿಮೆಯನ್ನು ಕಿರಿದು ಮಾಡಿ ಹೇಳುವುದು ದುಂಡವ್ವನಿಗೆ ಸುಳ್ಳು ಅನ್ನಿಸಿರಲಿಲ್ಲ. ಪೂಜೆಯ ವಿಷಯ ಹಾಗಲ್ಲ. ಮಾಡಿದ ಪೂಜೆಯನ್ನು ಮಾಡಿಲ್ಲ ಎಂದರೆ ನಾಲಿಗೆ ಸೀಳೀತು. ಅವಳು ಆಚೆ ನಿಂತ ಸಾವ್ಕಾರನನ್ನು ನೋಡಿದಳು, ನಾಲ್ಕನೆಯದರ ಮುಂದೆ ನಿಂತ ಗಂಡನನ್ನು ನೋಡಿದಳು.

“ನಾನ ಮಾಡೀನ್ರಿ. ನಾ ದುಡಿಯೋ ಮಿಷಿನ್ ಐತ್ರಿ ಅದು. ಹನ್ನೊಂದು ವರ್ಷ ಆತು.”

ಅಧಿಕಾರಿ ಅಷ್ಟನ್ನೇ ಬರೆದುಕೊಂಡು, ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿಕೊಂಡಳು. ಆಮೇಲೆ ಯಮನಪ್ಪನ ಕಡೆ ತಿರುಗಿ, ಇವಳು ಮಾಡುವುದೂ ನೀನು ಮಾಡುವುದೂ ಒಂದೇನೋ ಎಂದು ಕೇಳಿದಳು. ಅವನು ರುಮಾಲು ಸರಿಮಾಡಿಕೊಂಡು ತನ್ನ ಮಿಷಿನ್ನಿನ ಕಡೆ ತಿರುಗಿದ.

ಸೋಮವಾರ ದುಂಡವ್ವನಿಗೆ ಕೆಲಸ ಇಲ್ಲ ಎಂದರು. ಹತ್ತಿ ಕಡಿಮೆ ಬಂದಿದೆ, ಕರೆಸುತ್ತೇವೆ ಎಂದರು. ಬಯ್ಯಲೂ ಇಲ್ಲ. ಅವಳು ಇಲಾಖೆಗೆ ಹೋಗಿ ಹೇಳಿದಳು. ದೂರು ಹೇಳಿದ್ದಕ್ಕೆ ಕೆಲಸದಿಂದ ತೆಗೆಯುವಂತಿಲ್ಲ, ಆದರೆ ಅದಕ್ಕೇ ತೆಗೆದರು ಎನ್ನಲು ಒಬ್ಬ ಸಾಕ್ಷಿ ಬೇಕು ಎಂದಳು ಅಧಿಕಾರಿ. ಉಳಿದ ಮೂವರು ಹೆಂಗಸರನ್ನು ಕೇಳಿದರೆ ಅವರು ಇವಳನ್ನು ಕಂಡ ಕೂಡಲೇ ಸೆರಗು ಮುಖಕ್ಕೆ ಎಳೆದುಕೊಂಡರು. ಅವರಿಗೂ ಹೊಟ್ಟೆ ಇತ್ತು, ಬಯ್ಯಬೇಡಿ. ದುಂಡವ್ವ ದಿನಾ ಭೋಂಗಾ ಕೂಗುವ ಹೊತ್ತಿಗೆ ಹೋಗಿ ಗೇಟಿನ ಹೊರಗೆ ಕೂಡತೊಡಗಿದಳು, ಕೆಲಸಕ್ಕೆ ಬರಲಿಲ್ಲ ಎಂದು ಯಾರೂ ಹೇಳಬಾರದೆಂದು. ಅವಳ ಗಂಡ ಅದೇ ಗೇಟಿನಿಂದ ಒಳಗೆ ಹೋಗುತ್ತಿದ್ದ. ಮಧ್ಯಾಹ್ನ ಅವಳು ಕಟ್ಟಿದ ರೊಟ್ಟಿಯನ್ನೇ ಬಿಚ್ಚಿ ತಿನ್ನುತ್ತಿದ್ದ.

ಐದನೇ ಮಿಷಿನ್ನಿಗೆ ಒಬ್ಬ ಹೊಸ ಗಂಡಾಳು ಬಂದ. ಗಿರಣಿಯ ಮುಖ ನೋಡದವನು. ಎಷ್ಟು ಹತ್ತಿ ಕೊಡಬೇಕು, ಯಾವಾಗ ಕೈ ತೆಗೆಯಬೇಕು, ಎಲ್ಲಾ ಯಮನಪ್ಪನೇ ಹೇಳಿಕೊಡಬೇಕಾಯಿತು. ದಿನಕ್ಕೆ ನಾಲ್ಕು ಸಲ ಮಿಷಿನ್ನು ಕಟ್ಟಿಕೊಂಡು ನಿಲ್ಲುತ್ತಿತ್ತು. ವಾರದ ಬಟವಾಡೆಯ ದಿನ ಇಬ್ಬರೂ ಸಾಲಿನಲ್ಲಿ ನಿಂತರು. ಹೊಸಬನ ಕೈಗೆ ಗಂಡಾಳಿನ ಕೂಲಿ ಬಿತ್ತು, ಪೂರಾ ಮೂರು ಪಾಲು. ಅವನು ನಗುತ್ತಾ, “ಏ ಅಣ್ಣಾ, ನನ್ನ ಮಿಷಿನ್ನಿನಾಗ ಮೊದ್ಲ ಯಾಂವ ಇದ್ದನೋ? ಭಾಳ ಚಲೋ ಇಟ್ಟಾನ ಬಿಡು,” ಎಂದ.

ಯಮನಪ್ಪ ತನ್ನ ಕೈಯಲ್ಲಿದ್ದ ಕೂಲಿ ನೋಡಿದ. ಏನೂ ಬಾರದವನಿಗೆ ಮೂರು ಪಾಲು. ಎಲ್ಲಾ ಬಂದವಳು ಗೇಟಿನ ಹೊರಗೆ. ಹಾಗಾದರೆ ಇಷ್ಟು ವರ್ಷ ತನಗೆ ಬಂದ ಆ ಒಂದು ಪಾಲು ಯಾವುದಕ್ಕೆ ಬಂತು? ಕೆಲಸಕ್ಕಂತೂ ಅಲ್ಲ.

ಮೊದಲ ವಾರ ಹೀಗೇ ಕಳೆಯಿತು. ಎರಡನೇ ವಾರವೂ ಮುಗಿಯುತ್ತ ಬಂತು. ದುಂಡವ್ವನನ್ನು ಹೊರಗೆ ಹಾಕಿದ ಹದಿಮೂರನೇ ದಿನ ಗೇಟಿನ ತನಕ ಬಂದವನು ಒಳಗೆ ಹೋಗದೆ, ಹೆಂಡತಿಗೆ ಏಳು ಎಂದ. ಇಬ್ಬರೂ ಬಸ್ಸು ಹತ್ತಿ ಇಲಾಖೆಗೆ ಹೋದರು. ಅಧಿಕಾರಿಯ ಮುಂದೆ ನಿಂತು ಅವನು ಹೇಳಿದ್ದು ಇಷ್ಟೇ.

“ಆಕಿ ಮಾಡೂದೂ ನಾ ಮಾಡೂದೂ ಒಂದ ಐತ್ರಿ. ಖರೆ ಹೇಳ್ಬೇಕಂದ್ರ ಆಕಿದ ಒಂದೀಟು ಹೆಚ್ಚ. ನಿಮಗ ಹೇಳಿದ್ದಕ್ಕ ಆಕಿನ್ನ ಹೊರಗ ಹಾಕ್ಯಾರ, ಹತ್ತಿ ಕಮ್ಮಿ ಆಗಿಲ್ಲ. ಬರ್ಕೋರಿ.”

ಸಾವ್ಕಾರನನ್ನು ಕರೆಸಿದರು. ಅವನು ಕೈಮುಗಿದು, ಗಂಡಸಿಗೆ ಸಂಸಾರ ಸಾಕುವುದಿರುತ್ತದೆ, ಅದಕ್ಕೆ ಒಂದು ಪಾಲು ಹೆಚ್ಚು ಕೊಡುತ್ತೇನೆ, ಇದು ಧರ್ಮ ಎಂದ. ಮನಸಾರೆ ಹೇಳಿದ. ಧರ್ಮ ನಿಮ್ಮ ಜೇಬಿನಿಂದ ಮಾಡಿರಿ, ಆಕೆಯ ಕೂಲಿಯಿಂದ ಮಾಡಬೇಡಿರಿ ಎಂದಳು ಅಧಿಕಾರಿ. ದುಂಡವ್ವ ಐದನೇ ಮಿಷಿನ್ನಿಗೆ ಮರಳಿದಳು. ಎಂಟೂ ಮಿಷಿನ್ನಿಗೆ ಒಂದೇ ಕೂಲಿ ಆಯಿತು. ಸಾವ್ಕಾರನ ಗಿರಣಿ ಮುಳುಗಲಿಲ್ಲ, ಶ್ರಾವಣದ ಜೋಳವೂ ನಿಲ್ಲಲಿಲ್ಲ.

ಸಾವ್ಕಾರನ ಮೇಲೆ ಕಥೆ ಮುಗಿಸಿದರೆ ನಿಮಗೆಲ್ಲ ಖುಷಿ. ನಮ್ಮಲ್ಲಿ ಯಾರಿಗೆ ಗಿರಣಿ ಇದೆ, ಅಲ್ಲವೇ? ಗಿರಣಿ ಇಲ್ಲದಿದ್ದರೆ ಹೊಲ ಇದೆ. ಕಳೆ ತೆಗೆಯಲು ಕರೆದಾಗ ಗಂಡಾಳಿಗೆ ಎಷ್ಟು, ಹೆಣ್ಣಾಳಿಗೆ ಎಷ್ಟು ಕೊಡುತ್ತೀರಿ? ಕಳೆಗೆ ಗೊತ್ತೇ, ತನ್ನನ್ನು ಕಿತ್ತ ಕೈ ಯಾರದು ಎಂದು?

ತಾಯಂದಿರೇ, ನೀವೂ ಕೇಳಿ. ಯಾರಾದರೂ ಬಂದು ಏನು ಕೆಲಸ ಮಾಡುತ್ತೀಯವ್ವಾ ಎಂದರೆ, ಸುಮ್ಮನೆ ಕೈಜೋಡಿಸುತ್ತೇನೆ ಎನ್ನಬೇಡಿ. ಮಾಡಿದಷ್ಟನ್ನು ಹೇಳಿ. ಅದು ಸೊಕ್ಕಲ್ಲ. ಇದ್ದದ್ದನ್ನು ಇಲ್ಲ ಎನ್ನುವುದೂ ಸುಳ್ಳೇ, ಎಷ್ಟೇ ಮರ್ಯಾದೆಯಿಂದ ಹೇಳಿದರೂ ಸುಳ್ಳೇ.

ಇನ್ನು ಗಂಡಸರು. ಯಮನಪ್ಪ ಹೇಳಲು ಹದಿಮೂರು ದಿನ ತೆಗೆದುಕೊಂಡ. ನೀವು ಎಷ್ಟು ವರ್ಷ ತೆಗೆದುಕೊಂಡಿದ್ದೀರಿ? ಪಕ್ಕದಲ್ಲಿ ದುಡಿಯುವವಳು ಎಷ್ಟು ದುಡಿಯುತ್ತಾಳೆ ಎಂಬುದು ಅಧಿಕಾರಿಗಿಂತ ಮೊದಲು ನಿಮಗೆ ಗೊತ್ತು. ಅವರು ಬಂದು ಕೇಳುವ ತನಕ ಕಾಯಬೇಡಿ. ನಾಳೆ ಬೆಳಿಗ್ಗೆ ಆಳು ಕರೆಯಲು ಓಣಿಗೆ ಹೋಗುತ್ತೀರಲ್ಲ, ಕಟ್ಟೆಯ ಮೇಲೆ ಕೂತ ಗಂಡಸರಿಗೂ ಬಾಗಿಲಲ್ಲಿ ನಿಂತ ಹೆಂಗಸರಿಗೂ ಕೇಳುವ ಹಾಗೆ, ಒಂದೇ ಕೂಲಿ ಹೇಳಿ ಕರೆಯಿರಿ. ಸಂಜೆ ಅಷ್ಟನ್ನೇ ಕೊಡಿ.